ಬೆಳಗಿನ ಜಾವ 4:10ರ ಬಿಲ್: ಹೆಲ್ಪರ್ ಫಂಕ್ಷನ್‌ಗಳನ್ನ ಎಲ್ಲಿಡೋದು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ, ಥಾಣೆಯಲ್ಲಿ ಟ್ರಾನ್ಸ್ ಹಾರ್ಬರ್ ಗಾಡಿಗೆ ಕಾಯ್ತಾ ಓದೋರಿಗಾಗಿ ಈ ವಾರದ ಮಾತು ಇಲ್ಲಿ ಬರಹದಲ್ಲಿದೆ. ಸ್ಕ್ರೀನ್ ಮೇಲೆ ತೋರಿಸಿದ ಕೋಡನ್ನ ಇಲ್ಲಿ ಮಾತಲ್ಲೇ ಹೇಳ್ತೀನಿ, ಫಂಕ್ಷನ್ ಹೆಸರುಗಳನ್ನೂ ಕನ್ನಡದಲ್ಲೇ ಬರೆದಿದೀನಿ. ಅಂದಹಾಗೆ ಜಾವಾಸ್ಕ್ರಿಪ್ಟ್‌ನಲ್ಲಿ ಫಂಕ್ಷನ್‌ಗೆ ನಿಜಕ್ಕೂ ಕನ್ನಡ ಅಕ್ಷರದ ಹೆಸರಿಟ್ಟರೂ ಅದು ತಕರಾರಿಲ್ಲದೆ ಓಡುತ್ತೆ. ಆಫೀಸ್ ಕೋಡಲ್ಲಿ ಮಾತ್ರ ಮಾಡಬೇಡಿ, ಪಕ್ಕದ ಸೀಟಿನ ಮರಾಠಿ ಹುಡುಗ ರಿವ್ಯೂ ಮಾಡಬೇಕಲ್ಲ.

ಕಾಮೆಂಟ್‌ನಲ್ಲಿ ಬಹಳ ಜನ ಕೇಳಿದ ಪ್ರಶ್ನೆ ಇದು: "ಪ್ರಾಜೆಕ್ಟ್‌ನಲ್ಲಿ ಎಲ್ಲ ಕಡೆ ಬೇಕಾಗೋ ಸಣ್ಣ ಸಣ್ಣ ಫಂಕ್ಷನ್‌ಗಳನ್ನ ಎಲ್ಲಿ ಇಡಬೇಕು? ಯುಟಿಲ್ಸ್ ಅಂತ ಒಂದು ಫೋಲ್ಡರ್ ಮಾಡಿದ್ರೆ ಸಾಕಾ?" ಸಾಕು ಅಂತಲೇ ನಾನೂ ತುಂಬ ವರ್ಷ ಅಂದ್ಕೊಂಡಿದ್ದೆ. ಇದು ಫೋಲ್ಡರ್ ಹೆಸರಿನ ವಿಷಯ, ಇದಕ್ಕೊಂದು ವಿಡಿಯೋ ಬೇರೆ ಬೇಕಾ ಅನ್ನೋ ಧಿಮಾಕೂ ಇತ್ತು. ಅದು ಇಳಿದದ್ದು ವಾಶಿ ಎಪಿಎಂಸಿಯಲ್ಲಿ.

ವಾಶಿ ಮಾರ್ಕೆಟ್ ಗೊತ್ತಿಲ್ಲದವರಿಗೆ ಒಂದು ಮಾತು. ಮುಂಬೈಗೆ ಬರೋ ಈರುಳ್ಳಿ-ಆಲೂಗಡ್ಡೆ, ತರಕಾರಿ, ಹಣ್ಣು, ಮಸಾಲೆ, ದವಸಧಾನ್ಯ, ಈ ಐದಕ್ಕೂ ಬೇರೆ ಬೇರೆ ಮಾರ್ಕೆಟ್‌ಗಳಿವೆ ಅಲ್ಲಿ. ನಮ್ಮ ವಿಜಯಪುರ, ಗದಗ ಕಡೆ ಈರುಳ್ಳಿ ಲಾರಿಗಳೂ ರಾತ್ರಿಯಿಡೀ ಓಡಿ ಅಲ್ಲಿಗೇ ಬರ್ತವೆ. ನಾವು ಐರೋಲಿಯ ಆಫೀಸಿಗೆ ಹೋಗಿ ಕಾರ್ಡ್ ತೋರಿಸೋ ಹೊತ್ತಿಗೆ ಅಲ್ಲಿ ಅರ್ಧ ದಿನದ ವ್ಯಾಪಾರ ಮುಗಿದಿರುತ್ತೆ. ಆಗ ನಾನಿದ್ದ ಒಂದು ಸಣ್ಣ ಕಂಪನಿ ಅಲ್ಲಿನ ಕೆಲವು ಗಾಳಾಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡಿಕೊಟ್ಟಿತ್ತು. ಮೊಬೈಲ್‌ನಲ್ಲಿ ಎಂಟ್ರಿ, ಅಂಗೈಯಗಲದ ಥರ್ಮಲ್ ಪ್ರಿಂಟರ್‌ನಲ್ಲಿ ಬಿಲ್. ಮಾರ್ಚ್ ಮಧ್ಯದಲ್ಲಿ ಲೈವ್ ಆಯ್ತು.

ಒಂದು ಗಾಳಾದ ಮೆಹ್ತಾಜಿ ವಿಜಯಪುರದ ಕಡೆಯವರು. ಮೆಹ್ತಾಜಿ ಅಂದ್ರೆ ಲೆಕ್ಕ ಬರೆಯೋರು, ಮುಂಬೈಯವರಿಗೆ ಹೇಳಬೇಕಾಗಿಲ್ಲ. ಅವರು ಲೈವ್ ಆದ ವಾರದಿಂದಲೂ ಸಪೋರ್ಟ್ ನಂಬರಿಗೆ ಫೋನ್ ಮಾಡಿ, ದಿನದ ಬಿಲ್ಲಿನ ಮೊತ್ತಕ್ಕೂ ಗಲ್ಲಾದ ದುಡ್ಡಿಗೂ ತಾಳೆ ಆಗ್ತಿಲ್ಲ ಅಂತ ಹೇಳ್ತಿದ್ರು. ಒಂದು ದಿನ ಜಾಸ್ತಿ, ಒಂದು ದಿನ ಕಮ್ಮಿ. ಕನ್ನಡ ಬರುತ್ತೆ ಅಂತ ಆ ಫೋನ್ ನನಗೇ ಕೊಡ್ತಿದ್ರು. ನಾನು ಹೇಳಿದ್ದು, "ಕಾಕಾ, ಎಂಟ್ರಿ ಸರಿಯಾಗಿ ಮಾಡಿ, ಸಾಫ್ಟ್‌ವೇರ್ ಸರಿ ಇದೆ." ಇದನ್ನ ಬರೆಯೋಕೆ ಈಗಲೂ ನಾಚಿಕೆ ಆಗುತ್ತೆ.

ಏಪ್ರಿಲ್ 1ಕ್ಕೆ ಕಥೆ ಕೈಮೀರಿತು. ಬೆಳಗಿನ ಜಾವ 4:10ಕ್ಕೆ ಕೊಟ್ಟ ಮೊದಲ ಬಿಲ್ ಮೇಲೆ ಮಾರ್ಚ್ 31 ಅಂತ ಅಚ್ಚಾಗಿತ್ತು. ಅದರ ಹಿಂದೆ ಇನ್ನೂ ಹದಿಮೂರು ಬಿಲ್ ಹಾಗೇ. ಹಿಂದಿನ ರಾತ್ರಿ ವರ್ಷದ ಲೆಕ್ಕ ಮುಗಿಸಿ ಗೆರೆ ಎಳೆದಾಗಿದೆ, ಬೆಳಿಗ್ಗೆ ನೋಡಿದ್ರೆ ಹಳೇ ವರ್ಷದ ಖಾತೆಯಲ್ಲಿ ಹದಿನಾಲ್ಕು ಹೊಸ ಬಿಲ್ ಹುಟ್ಟಿಕೊಂಡಿವೆ, ಹೊಸ ವರ್ಷದ ಗಲ್ಲಾದಲ್ಲಿ ಬಿಲ್ಲೇ ಇಲ್ಲದ ದುಡ್ಡಿದೆ. ಶೇಠ್‌ಗೆ ಅನುಮಾನ ಬರದೆ ಇರುತ್ತಾ? ಮೆಹ್ತಾಜಿಗೆ ಗಲ್ಲಾ ಮುಟ್ಟಬೇಡಿ ಅಂದ್ರು. ಅವತ್ತು ಅವರು ಫೋನಲ್ಲಿ ಕೂಗಾಡಲಿಲ್ಲ. "ತಮ್ಮಾ, ಲೆಕ್ಕಾ ಬರ್ಯಾಕ್ ಹತ್ತಿ ಮೂವತ್ತ್ ವರ್ಷಾತು. ಪರದೇ ಮ್ಯಾಲ ಒಂದನೇ ತಾರೀಖ ಐತಿ, ಕಾಗದದ ಮ್ಯಾಲ ಮೂವತ್ತೊಂದ್ ಐತಿ. ಇದ್ರಾಗ ನಂದೇನ್ ತಪ್ಪೈತಿ, ನೀನ ಹೇಳು" ಅಂದ್ರು. ಎರಡರ ಫೋಟೋನೂ ತೆಗೆದು ಕಳಿಸಿದ್ರು.

ಅದೇ ಸುಳಿವು. ಪರದೆ ಒಂದು ಹೇಳ್ತಿದೆ, ಕಾಗದ ಇನ್ನೊಂದು ಹೇಳ್ತಿದೆ ಅಂದ್ರೆ "ಇವತ್ತು ಯಾವ ತಾರೀಖು" ಅನ್ನೋ ಪ್ರಶ್ನೆಗೆ ನಮ್ಮ ಕೋಡಲ್ಲಿ ಕನಿಷ್ಠ ಎರಡು ಉತ್ತರ ಇವೆ.

ಹುಡುಕಿದ್ರೆ ಐದು ಸಿಕ್ಕವು.

ಮೊದಲನೆಯದು ಯುಟಿಲ್ಸ್ ಫೈಲಿನಲ್ಲಿ. ಟು-ಐಎಸ್‌ಓ-ಸ್ಟ್ರಿಂಗ್ ಕರೆದು ಮೊದಲ ಹತ್ತು ಅಕ್ಷರ ಕತ್ತರಿಸೋದು. ಇದನ್ನ ನೀವೂ ಬರೆದಿದ್ದೀರಿ, ನಾನೂ ಬರೆದಿದ್ದೀನಿ. ಆದ್ರೆ ಆ ಫಂಕ್ಷನ್ ಯಾವಾಗಲೂ ಯುಟಿಸಿ ಸಮಯ ಕೊಡುತ್ತೆ, ನಿಮ್ಮ ಫೋನ್ ಮುಂಬೈಯಲ್ಲಿದ್ರೂ ಅಷ್ಟೇ. ಭಾರತ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ನಮ್ಮ ಏಪ್ರಿಲ್ 1ರ 4:10 ಅಂದ್ರೆ ಅಲ್ಲಿ ಮಾರ್ಚ್ 31ರ ರಾತ್ರಿ 10:40. ಮಧ್ಯರಾತ್ರಿಯಿಂದ 5:30ರವರೆಗೆ ಈ ಫಂಕ್ಷನ್ ದಿನಾ ಸುಳ್ಳು ಹೇಳುತ್ತೆ. ಆ ಹೊತ್ತಲ್ಲಿ ಡೆವಲಪರ್ ಮಲಗಿರ್ತಾನೆ, ಟೆಸ್ಟರೂ ಮಲಗಿರ್ತಾನೆ. ಎದ್ದಿರೋದು ವಾಶಿ ಮಾರ್ಕೆಟ್, ದಾದರ್‌ನ ಹೂವಿನ ಮಾರ್ಕೆಟ್, ಮತ್ತೆ ಮೊದಲ ಲೋಕಲ್ ಹಿಡಿಯೋ ಜನ.

ಎರಡನೆಯದು ಪ್ರಿಂಟ್ ಫೋಲ್ಡರ್‌ನಲ್ಲಿ, ಮೊದಲನೆಯದರ ಪಕ್ಕಾ ನಕಲು. ಮೂರನೆಯದು ಆವಕ ಬರೆಯೋ ಪೇಜಿನಲ್ಲಿ. ಯಾರೋ ಪುಣ್ಯಾತ್ಮ ಯುಟಿಸಿ ತೊಂದರೆ ಗಮನಿಸಿ ಐದೂವರೆ ಗಂಟೆ ಕೈಯಾರೆ ಕೂಡಿಸಿ, ಆಮೇಲೆ ಫೋನಿನ ಸ್ಥಳೀಯ ತಾರೀಖು ಕೇಳಿದ್ದ. ಫೋನ್ ಆಗಲೇ ಭಾರತದ ಸಮಯದಲ್ಲಿದೆ, ಅದರ ಮೇಲೆ ಇನ್ನೊಂದು ಐದೂವರೆ. ಹಾಗಾಗಿ ಸಂಜೆ 6:30 ಆದ ಕೂಡಲೇ ಅದು ನಾಳೆಯ ತಾರೀಖು ಕೊಡುತ್ತೆ. ನಾಲ್ಕನೆಯದು ಪರದೆಯ ತಲೆಬರಹದಲ್ಲಿ, ಸ್ಥಳೀಯ ತಾರೀಖು ಸೀದಾ ಕೇಳಿದ್ದು, ಫೋನಲ್ಲಿ ಸರಿ. ಐದನೆಯದು ಅದೇ ಸಾಲು, ಆದ್ರೆ ಸರ್ವರ್‌ನಲ್ಲಿ. ಸರ್ವರ್ ಮುಂಬೈ ರೀಜನ್‌ನಲ್ಲೇ ಇದ್ರೂ ಅದರ ಗಡಿಯಾರ ಯುಟಿಸಿಯಲ್ಲಿತ್ತು. ನನ್ನ ಲ್ಯಾಪ್‌ಟಾಪಲ್ಲಿ ಸರಿ, ಸರ್ವರ್‌ನಲ್ಲಿ ತಪ್ಪು.

ಹುಡುಕಿದ ರೀತಿ ಹೇಳ್ತೀನಿ, ನಾಳೆನೇ ನಿಮಗೆ ಬೇಕಾಗಬಹುದು. ಫಂಕ್ಷನ್ ಹೆಸರಿಂದ ಹುಡುಕಬೇಡಿ, ಏಕೆಂದ್ರೆ ಐದಕ್ಕೂ ಐದು ಹೆಸರಿತ್ತು. ಒಳಗಿನ ಗುರುತಿಂದ ಹುಡುಕಿ: ಟು-ಐಎಸ್‌ಓ-ಸ್ಟ್ರಿಂಗ್, 5.5, 330, 19800000. ಕೊನೆಯದು ಐದೂವರೆ ಗಂಟೆಯ ಮಿಲಿಸೆಕೆಂಡ್ ಲೆಕ್ಕ.

ಸರಿ, ಐದು ನಕಲು ಯಾಕೆ ಹುಟ್ಟಿದವು? ನಮ್ಮ ಟೀಮ್ ದಡ್ಡರದ್ದಲ್ಲ. ಯುಟಿಲ್ಸ್ ಫೈಲು ಸಾವಿರದ ಮೇಲೆ ನಾನೂರು ಸಾಲು ಆಗಿತ್ತು. ಪಕ್ಕದಲ್ಲಿ ಹೆಲ್ಪರ್ಸ್ ಅಂತ ಒಂದು ಫೋಲ್ಡರ್, ಕಾಮನ್ ಅಂತ ಇನ್ನೊಂದು. ಯಾವುದರಲ್ಲಿ ಏನಿದೆ ಅಂತ ಹೆಸರು ಹೇಳ್ತಾನೇ ಇರಲಿಲ್ಲ. ಊರಲ್ಲಿ ಅಟ್ಟಕ್ಕೆ ಎಸೀತೀವಲ್ಲ, ಹಾಗೆ. ಅಟ್ಟದಲ್ಲಿ ಸುತ್ತಿಗೆ ಇದೆಯೋ ಇಲ್ವೋ ಅಂತ ಹುಡುಕೋ ಬದಲು ಅಂಗಡಿಯಿಂದ ಇನ್ನೊಂದು ತರೋದು ಸುಲಭ. ಮೂರು ಸಾಲಿನ ಫಂಕ್ಷನ್ ಆದ್ರಂತೂ ಹುಡುಕೋಕಿಂತ ಬರೆಯೋದೇ ಬೇಗ.

ಮೊದಲು ಏನು ಮಾಡಿದೆ ಅಂದ್ರೆ, ಎಲ್ಲರೂ ಮಾಡೋದನ್ನೇ. ಐದನ್ನೂ ಅಳಿಸಿ ಒಂದೇ ಫಂಕ್ಷನ್ ಇಟ್ಟೆ. ಕಾಲವಲಯವನ್ನ ಹೆಸರಿಟ್ಟು ಕೇಳೋದು, ಇಂಟ್ಲ್ ಡೇಟ್‌ಟೈಮ್‌ಫಾರ್ಮ್ಯಾಟ್‌ಗೆ ಏಷ್ಯಾ/ಕೋಲ್ಕತಾ ಕೊಟ್ಟು, ವರ್ಷ ತಿಂಗಳು ದಿನ ಬಿಡಿಬಿಡಿಯಾಗಿ ತೆಗೆದು ಜೋಡಿಸೋದು. ಒಂದು ಎಚ್ಚರಿಕೆ: ಬಳಕೆದಾರರ ಕಾಲವಲಯ ಯಾವುದು ಅಂತ ಬ್ರೌಸರ್‌ಗೆ ಕೇಳಿದ್ರೆ ಕ್ರೋಮ್ ಹಳೇ ಹೆಸರು ಏಷ್ಯಾ/ಕ್ಯಾಲ್ಕಟಾ ಅಂತ ಕೊಡೋದನ್ನ ನಾನು ನೋಡಿದೀನಿ. ಎರಡೂ ಒಂದೇ ವಲಯ, ಆದ್ರೆ ಎರಡು ಸ್ಟ್ರಿಂಗ್ ಹೋಲಿಸಿ "ಇದು ಭಾರತ ಅಲ್ಲ" ಅಂತ ತೀರ್ಮಾನಿಸಿದ್ರೆ ಕೆಟ್ಟಿರಿ.

ಸಮಯದ ಮಾತು ಬಂತು, ಒಂದು ಅಡ್ಡಮಾತು. ಮುಂಬೈಗೆ ಅದರದ್ದೇ ಸಮಯ ಇತ್ತು ಗೊತ್ತಾ? ಬಾಂಬೆ ಟೈಮ್, ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದೆ. 1906ರಲ್ಲಿ ಭಾರತೀಯ ಪ್ರಮಾಣ ಸಮಯ ಬಂದ ಮೇಲೂ ಈ ಊರು ಬಗ್ಗಲಿಲ್ಲ, 1955ರವರೆಗೂ ಇಲ್ಲಿ ಬಾಂಬೆ ಟೈಮ್ ಬಳಕೆಯಲ್ಲಿತ್ತು. ಎರಡಕ್ಕೂ 39 ನಿಮಿಷದ ವ್ಯತ್ಯಾಸ. ಅಂದ್ರೆ ಒಂದೇ ಊರಲ್ಲಿ, ಒಂದೇ ಕ್ಷಣಕ್ಕೆ, ಎರಡು ಗಡಿಯಾರ. ಇವತ್ತು ಯಾವ ದಿನ ಅನ್ನೋದು ಆಕಾಶ ನೋಡಿ ಹೇಳೋ ಸತ್ಯ ಅಲ್ಲ, ಯಾರೋ ಕೂತು ಮಾಡಿದ ನಿರ್ಧಾರ. ಈ ಮಾತಿಗೆ ಈಗಲೇ ವಾಪಸ್ ಬರ್ತೀನಿ.

ಬದಲಾವಣೆ ಲೈವ್ ಹೋದ ಮಾರನೇ ದಿನ ಮೆಹ್ತಾಜಿ ಫೋನ್. ಬಿಲ್ ಸರಿಯಾಗಿದೆ ಅಂತ ಹೊಗಳ್ತಾರೆ ಅಂದ್ಕೊಂಡೆ. "ಬಿಲ್ ನೆಟ್ಟಗಾತು ತಮ್ಮಾ. ಆದ್ರ ಆವಕದ್ದ್ಯಾಕ ಕೆಡಿಸಿದಿ? ಅದೊಂದ ಬರೋಬ್ಬರಿ ಇತ್ತು."

ಅರ್ಥ ಆಯ್ತಾ? ಮೂರನೇ ನಕಲು, ಐದೂವರೆ ಎರಡು ಸಲ ಕೂಡಿದ್ದು, ಅದು ತಪ್ಪು ಕೋಡ್. ಆದ್ರೆ ಮಾರ್ಕೆಟ್‌ನಲ್ಲಿ ಸಂಜೆ ಅಂಗಡಿ ಮುಚ್ಚಿದ ಮೇಲೆ ಬರೋ ಗಾಡಿಯ ಮಾಲು ನಾಳೆಯ ವ್ಯಾಪಾರದ್ದು, ಆ ಗಾಳಾದ ಆವಕ ವಹಿಯಲ್ಲಿ ಅದನ್ನ ನಾಳೆಯ ಪುಟದಲ್ಲೇ ಬರೆಯೋದು. ಸಂಜೆ 6:30ಕ್ಕೆ ದಿನ ಬದಲಾಗೋ ನಮ್ಮ ಬಗ್, ಅವರ ಪದ್ಧತಿಗೆ ಕೈಗವಸಿನ ಹಾಗೆ ಹೊಂದಿಕೊಂಡಿತ್ತು. ನಾನು "ಸರಿ" ಮಾಡಿ ಅದನ್ನ ಕೆಡಿಸಿದೆ.

ಈ ಜಾಗದಲ್ಲಿ ನಿಧಾನ ಮಾಡ್ತೀನಿ, ಇಡೀ ವಿಡಿಯೋದ ಮುಖ್ಯ ಮಾತು ಇದೇ. ಒಂದೇ ರೀತಿ ಕಾಣೋ ಕೋಡ್ ಎಲ್ಲಾ ಒಂದೇ ಅಲ್ಲ. ಮಾಟುಂಗಾದ ಉಡುಪಿ ಹೋಟೆಲ್ ಅಡುಗೆಮನೆ ನೆನಪಿಸಿಕೊಳ್ಳಿ. ಇಡ್ಲಿ ಹಿಟ್ಟಿಗೂ ಅಕ್ಕಿ, ಉದ್ದು. ದೋಸೆ ಹಿಟ್ಟಿಗೂ ಅಕ್ಕಿ, ಉದ್ದು. ಎರಡೂ ಬಿಳಿ, ಎರಡೂ ರಾತ್ರಿ ಹುಳಿ ಬರಬೇಕು. ಹೊಸದಾಗಿ ಬಂದ ಮ್ಯಾನೇಜರ್ "ಎರಡು ಪಾತ್ರೆ ಯಾಕೆ ದಂಡ" ಅಂತ ಒಂದೇ ಮಾಡಿದ್ರೆ ಇಡ್ಲಿನೂ ಕೆಟ್ಟಿತು, ದೋಸೆನೂ ಕೆಟ್ಟಿತು. ಅಳತೆ ಬೇರೆ, ರುಬ್ಬೋ ಹದ ಬೇರೆ.

1972ರಲ್ಲಿ ಡೇವಿಡ್ ಪಾರ್ನಾಸ್ ಒಂದು ಲೇಖನ ಬರೆದ್ರು, ಪ್ರೋಗ್ರಾಮನ್ನ ಮಾಡ್ಯೂಲ್‌ಗಳಾಗಿ ಹೇಗೆ ಒಡೀಬೇಕು ಅಂತ. ಅದರ ಸಾರ ನನ್ನ ಮಾತಲ್ಲಿ ಹೇಳೋದಾದ್ರೆ: ಕೆಲಸದ ಹೆಜ್ಜೆಗಳ ಪ್ರಕಾರ ಒಡೀಬೇಡಿ, ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಮಾಡ್ಯೂಲ್ ಒಳಗೆ ಬಚ್ಚಿಡಿ. ಕಾಲೇಜಲ್ಲಿ ಪರೀಕ್ಷೆಗೆ ಓದಿ ಮರೆತಿದ್ದೆ. ಮೆಹ್ತಾಜಿ ಫೋನ್ ಇಟ್ಟ ಮೇಲೆ ಅರ್ಥ ಆಯ್ತು. "ತಾರೀಖಿನ ಫಂಕ್ಷನ್‌ಗಳು" ಅನ್ನೋದು ನಿರ್ಧಾರ ಅಲ್ಲ, ಅದು ಡ್ರಾಯರ್. "ಬಿಲ್ಲಿನ ಮೇಲೆ ಯಾವ ದಿನ ಬರೀಬೇಕು" ಅನ್ನೋದು ಒಂದು ನಿರ್ಧಾರ, ಅದು ಕ್ಯಾಲೆಂಡರ್ ಪ್ರಕಾರ, ಶೇಠ್ ಹೇಳಿದ್ರೂ ಬದಲಾಗಬಾರದು. "ಈ ಮಾಲು ಯಾವ ದಿನದ ವ್ಯಾಪಾರಕ್ಕೆ" ಅನ್ನೋದು ಇನ್ನೊಂದು, ಅದು ಆ ಗಾಳಾದ ಪದ್ಧತಿ, ನಾಳೆ ಬದಲಾಗಬಹುದು. ಹಾಗಾಗಿ ಎರಡು ಫಂಕ್ಷನ್ ಆಯ್ತು: ಕ್ಯಾಲೆಂಡರ್‌ದಿನ, ಬಜಾರ್‌ದಿನ. ಎರಡನೆಯದರಲ್ಲಿ ಸಂಜೆ ಎಷ್ಟು ಗಂಟೆಗೆ ದಿನ ತಿರುಗುತ್ತೆ ಅನ್ನೋದು ಸೆಟ್ಟಿಂಗ್. ಮೆಹ್ತಾಜಿಯನ್ನ ಕೇಳಿದೆ, "ಆರು ಹಾಕು" ಅಂದ್ರು.

ಅಲ್ಲಿಂದ ಮುಂದೆ ಒಂದು ಹೆಲ್ಪರ್ ಎಲ್ಲಿರಬೇಕು ಅಂತ ಗೊಂದಲ ಆದಾಗ ನಾನು ಕೇಳೋ ಮೊದಲ ಪ್ರಶ್ನೆ: ಇದನ್ನ ಬದಲಾಯಿಸು ಅಂತ ಯಾರು ಬಂದು ಕೇಳ್ತಾರೆ? ಹೆಸರು ಕತ್ತರಿಸೋ ಫಂಕ್ಷನ್ ನೋಡಿ. ಎರಡಿಂಚಿನ ಪ್ರಿಂಟರ್‌ನಲ್ಲಿ ಸಾಲಿಗೆ ಸುಮಾರು 32 ಅಕ್ಷರ ಹಿಡಿಸುತ್ತೆ ಅಂತ ಯಾರೋ "ಶಾರ್ಟ್‌ನೇಮ್" ಬರೆದು ಯುಟಿಲ್ಸ್‌ಗೆ ಹಾಕಿದ್ದ, ಅದನ್ನ ಇನ್ಯಾರೋ ಪರದೆಗೂ ಬಳಸಿದ್ದ. ಪರದೆಯಲ್ಲಿ ಜಾಗ ಬೇಕಾದಷ್ಟಿದ್ರೂ ಹೆಸರು ಕತ್ತರಿಸಿಹೋಗ್ತಿತ್ತು. ಕನ್ನಡ ಹೆಸರಾದ್ರೆ ಇನ್ನೂ ಚಂದ: "ಸ್ತ್ರೀ" ಅನ್ನೋ ಒಂದು ಅಕ್ಷರವನ್ನ ಜಾವಾಸ್ಕ್ರಿಪ್ಟ್ 6 ಅಂತ ಎಣಿಸುತ್ತೆ, ಎಲ್ಲಿ ಬೇಕಾದ್ರೂ ಕತ್ತರಿಸುತ್ತೆ. ಇದನ್ನ ಬದಲಾಯಿಸು ಅಂತ ಬರೋದು ಪ್ರಿಂಟರ್ ಬದಲಿಸಿದವನು. ಹಾಗಾದ್ರೆ ಅದರ ಮನೆ ಪ್ರಿಂಟ್ ಫೋಲ್ಡರ್, ಹೆಸರು "ಬಿಲ್‌ಸಾಲಿಗೆಹೊಂದಿಸು".

ಎರಡನೇ ಪ್ರಶ್ನೆ, ಇದು ಹೊರಗಿನ ಪ್ರಪಂಚ ಮುಟ್ಟುತ್ತಾ? ಗಡಿಯಾರ, ನೆಟ್‌ವರ್ಕ್, ಲೋಕಲ್ ಸ್ಟೋರೇಜ್. ಮುಟ್ಟಿದ್ರೆ ಅದನ್ನ ಹಂಚಿಕೊಳ್ಳೋ ಫೋಲ್ಡರ್‌ನಲ್ಲಿ ಇಡೋಕೆ ಮುಂಚೆ ಯೋಚಿಸಿ. ಕ್ಯಾಲೆಂಡರ್‌ದಿನ ಒಳಗೆ ತಾನೇ "ಈಗ ಎಷ್ಟು ಗಂಟೆ" ಅಂತ ಕೇಳೋದಿಲ್ಲ. ಕ್ಷಣವನ್ನ ನಾವು ಹೊರಗಿಂದ ಕೊಡಬೇಕು. ಇದರಿಂದ ಏನು ಲಾಭ ಅಂದ್ರೆ, ಬೆಳಗಿನ ಜಾವ 4:10ನ್ನ ಮಧ್ಯಾಹ್ನ ಊಟ ಆದ ಮೇಲೆ ಟೆಸ್ಟ್ ಮಾಡಬಹುದು. ನಮ್ಮ ಟೆಸ್ಟ್‌ನಲ್ಲಿ ಏಪ್ರಿಲ್ 1ರ 4:10 ಇದೆ, 5:29 ಇದೆ, 5:30 ಇದೆ, ಸಂಜೆ 5:59 ಮತ್ತು 6:00 ಇವೆ. ಅದೇ ಟೆಸ್ಟನ್ನ ಮೂರು ಕಾಲವಲಯದಲ್ಲಿ ಓಡಿಸ್ತೀವಿ: ಯುಟಿಸಿ, ಕೋಲ್ಕತಾ, ಲಾಸ್ ಏಂಜಲೀಸ್. ಟಿಜೆಡ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್ ಬದಲಿಸಿದ್ರೆ ಆಯ್ತು.

ಆಮೇಲೆ, ಎಷ್ಟು ಜನಕ್ಕೆ ಬೇಕು? ಒಬ್ಬರಿಗೇ ಬೇಕಾದ್ರೆ ಆ ಫೀಚರ್ ಪಕ್ಕದಲ್ಲೇ ಇರಲಿ. ಎರಡನೆಯವರಿಗೆ ಬೇಕಾದಾಗ ಮೈ ತುರಿಸುತ್ತೆ, ತಡೆದುಕೊಳ್ಳಿ. ಮೂರನೇ ಸಲ ಬೇಕಾದಾಗ ಮೇಲೆತ್ತಿ. ಇದು ಮಾರ್ಟಿನ್ ಫೌಲರ್ ಅವರ 1999ರ ರಿಫ್ಯಾಕ್ಟರಿಂಗ್ ಪುಸ್ತಕದಲ್ಲಿರೋ ಲೆಕ್ಕ, ಅವರು ಅದನ್ನ ಡಾನ್ ರಾಬರ್ಟ್ಸ್ ಅವರಿಂದ ಪಡೆದದ್ದು ಅಂತಾರೆ. ನಾನು ಇದನ್ನ ಕುರುಡಾಗಿ ಪಾಲಿಸಲ್ಲ. ದುಡ್ಡಿನ ವಿಷಯ ಆದ್ರೆ ಮೊದಲ ಸಲವೇ ಒಂದೇ ಜಾಗ. 1.005ನ್ನ ಎರಡು ದಶಮಾಂಶಕ್ಕೆ ಟು-ಫಿಕ್ಸ್ಡ್ ಮಾಡಿ ನೋಡಿ, 1.01 ಬರಲ್ಲ, 1.00 ಬರುತ್ತೆ. ಎರಡು ಕಡೆ ಎರಡು ರೀತಿ ರೌಂಡ್ ಮಾಡಿದ್ರೆ ಆ ಪೈಸೆಗೂ ಒಬ್ಬ ಮೆಹ್ತಾಜಿ ಉತ್ತರ ಕೊಡಬೇಕಾಗುತ್ತೆ. ನಾವು ಮೊತ್ತವನ್ನೆಲ್ಲ ಪೈಸೆಯಲ್ಲಿ, ಪೂರ್ಣಾಂಕವಾಗಿ ಇಟ್ಟು, ತೋರಿಸೋವಾಗ ಮಾತ್ರ ರೂಪಾಯಿ ಮಾಡ್ತೀವಿ.

ಹಾಗೆ ಕೊನೆಗೆ ಯುಟಿಲ್ಸ್ ಹೋಗಿ ನಾಲ್ಕು ಸಣ್ಣ ಫೋಲ್ಡರ್ ಉಳಿದವು: ಹಣ, ದಿನ, ಪಠ್ಯ, ಪ್ರಿಂಟ್. ಉಳಿದದ್ದು ಫೀಚರ್‌ಗಳ ಜೊತೆ. ಇವುಗಳಿಗೆ ಒಂದೇ ಕಟ್ಟುನಿಟ್ಟು: ಹಂಚಿದ ಫೋಲ್ಡರ್ ಯಾವತ್ತೂ ಫೀಚರ್ ಫೋಲ್ಡರ್‌ನಿಂದ ಇಂಪೋರ್ಟ್ ಮಾಡಬಾರದು. ಬಿಲ್ ಹಣವನ್ನ ಕರೀಬಹುದು, ಹಣ ಬಿಲ್ಲನ್ನ ಕರೀಬಾರದು. ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ, ಇಎಸ್‌ಲಿಂಟ್‌ನಲ್ಲಿ ನೋ-ರಿಸ್ಟ್ರಿಕ್ಟೆಡ್-ಇಂಪೋರ್ಟ್ಸ್ ಅನ್ನೋ ನಿಯಮ ಇದೆ, ಅದನ್ನ ಹಾಕಿ. ಎಲ್ಲವನ್ನೂ ಒಂದು ಇಂಡೆಕ್ಸ್ ಫೈಲಿಂದ ಮರು ರಫ್ತು ಮಾಡೋ ಅಭ್ಯಾಸವನ್ನೂ ಬಿಟ್ಟೆವು. ಇಂಪೋರ್ಟ್ ಸಾಲು ಚಿಕ್ಕದಾಗಿ ಕಾಣುತ್ತೆ ನಿಜ, ಆದ್ರೆ ಎ ಬಿಯನ್ನ, ಬಿ ಎಯನ್ನ ಕರೆಯೋ ಸುತ್ತು ಹುಟ್ಟೋದು ಅಲ್ಲೇ.

"ಇಷ್ಟೆಲ್ಲ ಯಾಕೆ, ಲೈಬ್ರರಿ ಹಾಕಿದ್ರೆ ಆಗಲ್ವಾ" ಅನ್ನೋರಿಗೆ 2016ರ ಮಾರ್ಚ್ 22 ನೆನಪಿಸ್ತೀನಿ. ಸ್ಟ್ರಿಂಗ್‌ನ ಎಡಕ್ಕೆ ಸೊನ್ನೆ ತುಂಬೋ ಲೆಫ್ಟ್‌ಪ್ಯಾಡ್, 11 ಸಾಲಿನ ಪ್ಯಾಕೇಜು. ಬೇರೊಂದು ಪ್ಯಾಕೇಜಿನ ಹೆಸರಿನ ಜಗಳಕ್ಕೆ ಅದರ ಕರ್ತೃ ತನ್ನದನ್ನೆಲ್ಲ ಎನ್‌ಪಿಎಂನಿಂದ ತೆಗೆದುಬಿಟ್ಟ, ಬೇಬಲ್‌ನಂಥ ದೊಡ್ಡ ಪ್ರಾಜೆಕ್ಟ್‌ಗಳೂ ಬಿಲ್ಡ್ ಆಗದೆ ನಿಂತವು. ಮುಂದಿನ ವರ್ಷ ಜಾವಾಸ್ಕ್ರಿಪ್ಟ್‌ಗೇ ಪ್ಯಾಡ್‌ಸ್ಟಾರ್ಟ್ ಬಂತು. ಹಾಗಂತ ಎಲ್ಲ ಸ್ವಂತ ಬರೀರಿ ಅಂತಲ್ಲ. 12,34,567 ಅಂತ ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಹಾಕೋಕೆ ರೆಜೆಕ್ಸ್ ಬರೆದು ಒದ್ದಾಡಬೇಡಿ, ಇಂಟ್ಲ್ ನಂಬರ್‌ಫಾರ್ಮ್ಯಾಟ್‌ಗೆ ಇಂಡಿಯಾ ಲೊಕೇಲ್ ಕೊಡಿ. ಆದ್ರೆ ಅದನ್ನೂ ನಿಮ್ಮ ಒಂದು ಫಂಕ್ಷನ್ ಒಳಗೆ ಸುತ್ತಿ ಇಡಿ. ನೋಡ್ 13ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಲೊಕೇಲ್ ಮಾಹಿತಿ ಪೂರ್ತಿ ಇರ್ತಿರಲಿಲ್ಲ, ಬ್ರೌಸರ್‌ನಲ್ಲಿ ಲಕ್ಷ, ಸರ್ವರ್ ಮಾಡಿದ ಪಿಡಿಎಫ್‌ನಲ್ಲಿ ಮಿಲಿಯನ್. ಹಳೇ ಸರ್ವರ್ ಇರೋ ಆಫೀಸುಗಳಲ್ಲಿ ಇದು ಈಗಲೂ ಸಿಗುತ್ತೆ.

ಬ್ರೌಸರ್‌ಗೂ ಸರ್ವರ್‌ಗೂ ಒಂದೇ ಫೋಲ್ಡರ್ ಬೇಕಾದ್ರೆ ಎನ್‌ಪಿಎಂ 7ರಿಂದ ವರ್ಕ್‌ಸ್ಪೇಸಸ್ ಇದೆ, ಒಂದೇ ರೆಪೊದಲ್ಲಿ ಮಾಡಿ. ಬೇರೆ ಪ್ಯಾಕೇಜಾಗಿ ಪ್ರಕಟಿಸಿ ಆವೃತ್ತಿ ನಂಬರ್ ಕಾಯೋದು ಐದು ಜನರ ಟೀಮಿಗೆ ದಂಡದ ಕೆಲಸ.

ಹಳೇದನ್ನ ಒಂದೇ ರಾತ್ರಿಯಲ್ಲಿ ಗುಡಿಸಬೇಡಿ. ಒಂದು ಫಂಕ್ಷನ್ ಸ್ಥಳಾಂತರಿಸಿ, ಹಳೇ ಹೆಸರನ್ನ ಹೊಸದಕ್ಕೆ ಕೈತೋರಿಸೋ ಒಂದು ಸಾಲಾಗಿ ಉಳಿಸಿ, ಡೆಪ್ರಿಕೇಟೆಡ್ ಅಂತ ಗುರುತು ಹಾಕಿ, ಬಳಸೋರೆಲ್ಲ ಹೊರಬಿದ್ದ ಮೇಲೆ ಅಳಿಸಿ. ನಮಗೆ ಮೂರು ತಿಂಗಳು ಹಿಡೀತು. ಬೇರೆ ಕೆಲಸ ನಿಲ್ಲಿಸಲಿಲ್ಲ.

ಮೆಹ್ತಾಜಿ ವಿಷಯ. ನಾನು ಮತ್ತು ನಮ್ಮ ಮ್ಯಾನೇಜರ್ ಖುದ್ದಾಗಿ ವಾಶಿಗೆ ಹೋಗಿ, ಹದಿನಾಲ್ಕು ಬಿಲ್ಲಿನ ನಿಜವಾದ ಸಮಯದ ಲಾಗ್ ಪ್ರಿಂಟ್ ಮಾಡಿ ಶೇಠ್ ಮುಂದೆ ಇಟ್ಟೆವು. ತಪ್ಪು ನಮ್ಮದು ಅಂತ ಬರೆದುಕೊಟ್ಟೆವು. ಗಲ್ಲಾದ ಬೀಗದ ಕೈ ವಾಪಸ್ ಬಂತು, ನಾಲ್ಕು ದಿನ ಆದ ಮೇಲೆ. ಕಾಕಾ ನಮಗೆ ಚಹಾ ತರಿಸಿದ್ರು. ಮುಂದಿನ ವರ್ಷ ಏಪ್ರಿಲ್ 1ರ ಬೆಳಿಗ್ಗೆ 4:20ಕ್ಕೆ ವಾಟ್ಸ್ಯಾಪ್‌ಗೆ ಒಂದು ಬಿಲ್ಲಿನ ಫೋಟೋ ಬಂತು, ಜೊತೆಗೆ ಒಂದು ಮಾತೂ ಇಲ್ಲ. ತಾರೀಖು ಸರಿ ಇತ್ತು.

ಆದ್ರೆ ಆ ತಿಂಗಳ ಕೊನೆಗೆ ಆರನೆಯದು ಸಿಕ್ಕಿತು. ತಿಂಗಳ ರಿಪೋರ್ಟಿನ ಎಸ್‌ಕ್ಯೂಎಲ್ ಒಳಗೆ ಕರೆಂಟ್-ಡೇಟ್ ಅಂತ ಬರೆದಿತ್ತು, ಡೇಟಾಬೇಸಿನ ಸೆಷನ್ ಯುಟಿಸಿಯಲ್ಲಿ. ನಾನು ಜಾವಾಸ್ಕ್ರಿಪ್ಟ್ ಫೈಲುಗಳಲ್ಲಿ ಮಾತ್ರ ಹುಡುಕಿದ್ದೆ. ಅದನ್ನ ಹೇಗೆ ಬಿಡಿಸಿದ್ವಿ ಅಂತ ಮುಂದಿನ ವಾರ. ಅಷ್ಟರಲ್ಲಿ ನಿಮ್ಮ ಪ್ರಾಜೆಕ್ಟ್‌ನಲ್ಲಿ 19800000 ಹುಡುಕಿ ನೋಡಿ, ಎಷ್ಟು ಸಿಕ್ಕವು ಅಂತ ಕಾಮೆಂಟ್‌ನಲ್ಲಿ ಹೇಳಿ.